ಆರು ಪಟ್ಟು ಸಂಬಳ, ಪಕ್ಕದ ಕುರ್ಚಿ

ನನ್ನ ಮಗ ಓದುತ್ತಿದ್ದ ಹೈಸ್ಕೂಲಿನ ಇತಿಹಾಸದ ಮೇಷ್ಟ್ರನ್ನು 2024ರ ಮಾರ್ಚ್‌ನಲ್ಲಿ ಒಂದು ಕೆಲಸ ತಾನಾಗಿಯೇ ಹುಡುಕಿಕೊಂಡು ಬಂತು. ಅಮೆರಿಕದ ಕಾಲೇಜು ಆಟದ ಮೇಲಿನ ದರ್ಜೆಯಾದ ಡಿವಿಷನ್ ಒನ್‌ನ ಕಾಲೇಜೊಂದರ ಬಾಸ್ಕೆಟ್‌ಬಾಲ್ ತಂಡಕ್ಕೆ ಹೆಡ್ ಕೋಚ್, ಸಂಬಳ ಈಗಿನದರ ಆರು ಪಟ್ಟು. ತಮಾಷೆ ಅಂದರೆ ಅವರು ಅಲ್ಲಿಯತನಕ ಯಾವ ತಂಡಕ್ಕೂ ಹೆಡ್ ಕೋಚ್ ಆಗಿದ್ದವರಲ್ಲ. ನಮ್ಮ ಶಾಲೆಯ ತಂಡದಲ್ಲೇ ಎರಡನೆಯವರು. ಅಭ್ಯಾಸ ಮಾಡಿಸುವುದಕ್ಕೆ ಶಾಲೆ ಕೊಡುತ್ತಿದ್ದ ಭತ್ಯೆಯಲ್ಲಿ ಕಾರಿನ ಟೈರು ಬದಲಾಯಿಸಿ, ಹುಡುಗರಿಗೆ ನಾಲ್ಕು ಸಲ ಪಿಜ್ಜಾ ಕೊಡಿಸಿದರೆ ಹೆಚ್ಚೇನೂ ಉಳಿಯುತ್ತಿರಲಿಲ್ಲ.

ನಾವಿರುವ ಇಂಡಿಯಾನಾ ರಾಜ್ಯದಲ್ಲಿ ಬಾಸ್ಕೆಟ್‌ಬಾಲ್ ಕಲಿಸುವವರನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಅಂಗಡಿಯಲ್ಲೂ ಚರ್ಚಿನಲ್ಲೂ ಅವರು ಕೋಚ್, ಅಷ್ಟೇ. ನಾನೂ ಹಾಗೇ ಕರೆಯುತ್ತೇನೆ. ನಮ್ಮಿಬ್ಬರ ಸ್ನೇಹ ಬೆಳೆದದ್ದು ಸ್ಕೋರ್ ಬುಕ್ಕಿನಿಂದ. ಮೈಸೂರಿನಲ್ಲಿ ಓದುವಾಗ ಹಾಸ್ಟೆಲ್ಲಿನ ಸಿಮೆಂಟ್ ಕೋರ್ಟಿನಲ್ಲಿ ಮಂಡಿ ತರಚಿಕೊಂಡು ಆಡಿದವನು ನಾನು. ಆಟಕ್ಕಿಂತ ಆಟದ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಮಗ ತಂಡ ಸೇರಿದ ಮೇಲೆ ಯಾರು ಎಲ್ಲಿಂದ ಎಸೆದರು, ಎಷ್ಟು ಬಿತ್ತು, ಯಾರ ಕೈಯಿಂದ ಚೆಂಡು ಜಾರಿತು ಅಂತ ಬರೆದಿಡುವ ಕೆಲಸ ನನ್ನ ಪಾಲಿಗೆ ಬಂತು. ಪಂದ್ಯ ಮುಗಿದ ರಾತ್ರಿಯೇ ಆ ಹಾಳೆ ಕೇಳುತ್ತಿದ್ದವರು ಇಡೀ ಶಾಲೆಯಲ್ಲಿ ಕೋಚ್ ಒಬ್ಬರೇ.

ಶುಕ್ರವಾರ ರಾತ್ರಿ ಫೋನ್ ಬಂತು. ಡೆಟ್ರಾಯಿಟ್‌ನಲ್ಲಿ ನಮ್ಮ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದ ತಂಡ ಗೊನ್ಜಾಗವನ್ನು 80-68ರಿಂದ ಸೋಲಿಸಿದ ದಿನ ಅದು. ಬೀದಿ ತುಂಬಾ ಕಪ್ಪು, ಚಿನ್ನದ ಬಣ್ಣದ ಅಂಗಿಗಳು. ಕೋಚ್ ಆ ಮಾತೇ ಎತ್ತಲಿಲ್ಲ. "ನಾಳೆ ನ್ಯೂ ಕ್ಯಾಸಲ್‌ಗೆ ಹೋಗೋಣ, ಬರ್ತೀರಾ? ಒಂದು ವಿಷಯ ಮಾತಾಡಬೇಕು. ನಿಮಗೆ ಈ ಆಟದ ಲೋಕದಲ್ಲಿ ಯಾರ ಹಂಗೂ ಇಲ್ಲ, ಅದಕ್ಕೇ ನಿಮ್ಮನ್ನು ಕೇಳ್ತಿದೀನಿ" ಅಂದರು. ವಿಷಯ ಏನೆಂದು ಫೋನಿನಲ್ಲೇ ಬಾಯಿ ಬಿಡಿಸಿದೆ. ನನ್ನ ಹೆಂಡತಿ ಪಾತ್ರೆ ಒರೆಸುತ್ತಾ ಎಲ್ಲ ಕೇಳಿಸಿಕೊಂಡಳು. "ರೀ, ಅವರ ಹೆಂಡತಿ ಏನಂತಾರೆ? ಮೊದಲು ಅದು ಕೇಳಿ, ಆಮೇಲೆ ನಿಮ್ಮ ಉಪದೇಶ ಶುರು ಮಾಡಿ."

ಇಂಡಿಯಾನಾಪೊಲಿಸ್‌ನಿಂದ ಐ-70 ಹಿಡಿದು ಪೂರ್ವಕ್ಕೆ ಹೋದರೆ ನ್ಯೂ ಕ್ಯಾಸಲ್ ಮುಕ್ಕಾಲು ಗಂಟೆ, ಒಂದು ಗಂಟೆಯ ದಾರಿ. ಸಣ್ಣ ಊರು. ಆದರೆ ಅಲ್ಲಿನ ಹೈಸ್ಕೂಲಿನ ಜಿಮ್‌ನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ನಮ್ಮ ಕಡೆ ತಾಲ್ಲೂಕು ಕೇಂದ್ರದ ಶಾಲೆಯಲ್ಲಿ ಅಷ್ಟು ಕುರ್ಚಿ ಇದ್ದಿದ್ದರೆ ಜನ ಮದುವೆಗೆ ಬಾಡಿಗೆ ಕೇಳುತ್ತಿದ್ದರು. ಅದರ ಪಕ್ಕದಲ್ಲೇ ರಾಜ್ಯದ ಬಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್, ಅಂದರೆ ಆಟದ ದೊಡ್ಡವರ ನೆನಪಿನ ಮ್ಯೂಸಿಯಂ ಇದೆ. ಕೋಚ್‌ಗೆ ತಲೆ ಬಿಸಿಯಾದಾಗಲೆಲ್ಲ ಅಲ್ಲಿಗೆ ಹೋಗುವ ಅಭ್ಯಾಸ.

ದಾರಿಯಲ್ಲಿ ಹೆಂಡತಿಯ ಪ್ರಶ್ನೆಯನ್ನೇ ಮೊದಲು ಕೇಳಿದೆ. ಅವರ ಮನೆಯವರು ನರ್ಸ್. "ಹೋಗೋದಾದರೆ ಹೋಗಿ, ನಾನೂ ಬರ್ತೀನಿ, ಆದರೆ ವಾಪಸ್ ಬರಬೇಕಾದರೆ ಈ ಮನೆ ಮಾರಿರಬಾರದು" ಅಂದಿದ್ದರಂತೆ. ಇಡೀ ವಿಷಯದಲ್ಲಿ ನನಗೆ ಪೂರ್ತಿ ಒಪ್ಪಿಗೆಯಾದ ಮಾತು ಇದೊಂದೇ.

ಕರೆ ಬಂದದ್ದು ಹೇಗೆ ಅಂದರೆ, ಕೋಚ್ ತಮ್ಮ ಕಾಲದಲ್ಲಿ ಅದೇ ಕಾಲೇಜಿನ ದೊಡ್ಡ ಆಟಗಾರ. ಆ ತಂಡ ಕೊನೆಯ ಸಲ ಕಾಲೇಜುಗಳ ರಾಷ್ಟ್ರೀಯ ಪಂದ್ಯಾವಳಿಯಾದ ಎನ್‌ಸಿಎಎ ಟೂರ್ನಿಗೆ ಹೋದಾಗ ಇವರೇ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಹಿಡಿದು ಆಟ ನಡೆಸುವವರು. ಅಂದು ಜೊತೆಗೆ ಆಡಿದ ಗೆಳೆಯ ಇಂದು ಅಲ್ಲಿ ಅಥ್ಲೆಟಿಕ್ ಡೈರೆಕ್ಟರ್, ಕಾಲೇಜಿನ ಎಲ್ಲ ಆಟಗಳ ಮುಖ್ಯಸ್ಥ. ಕೆಲವು ವರ್ಷಗಳಿಂದ ತಂಡ ಸೋಲುತ್ತಿದೆ, ಜಿಮ್ ಖಾಲಿ ಹೊಡೆಯುತ್ತಿದೆ, ಹಳೆಯ ವಿದ್ಯಾರ್ಥಿಗಳು ಚೆಕ್ ಬರೆಯುವುದನ್ನು ನಿಲ್ಲಿಸಿದ್ದಾರೆ. ಗೋಡೆಯ ಮೇಲೆ ಫೋಟೋ ಇರುವವರನ್ನು ಕರೆತಂದರೆ ಜನ ಬರುತ್ತಾರೆ ಎಂಬ ಲೆಕ್ಕ. ಲೆಕ್ಕವೇನೂ ತಪ್ಪಲ್ಲ. ಜನ ಬರುತ್ತಾರೆ, ಮೊದಲ ವರ್ಷ.

ಈ ಲೆಕ್ಕ ಅಮೆರಿಕದ ಕಾಲೇಜುಗಳಲ್ಲಿ ಹಳೆಯದು. 1998ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯ ತನ್ನ ಹಳೆಯ ವಿದ್ಯಾರ್ಥಿ ಕ್ಲೈಡ್ ಡ್ರೆಕ್ಸ್‌ಲರ್‌ನನ್ನು ಹೆಡ್ ಕೋಚ್ ಮಾಡಿತು. ಒಲಿಂಪಿಕ್ ಚಿನ್ನ ಗೆದ್ದವನು, ವೃತ್ತಿಪರ ಲೀಗ್ ಎನ್‌ಬಿಎಯ ಚಾಂಪಿಯನ್, ಕೋಚಿಂಗ್‌ನಲ್ಲಿ ಸೊನ್ನೆ ಅನುಭವ. ಎರಡು ವರ್ಷದಲ್ಲಿ 19 ಗೆಲುವು, 39 ಸೋಲು, ರಾಜೀನಾಮೆ. 2015ರಲ್ಲಿ ಸೇಂಟ್ ಜಾನ್ಸ್ ತನ್ನ ಹಳೆಯ ಆಟಗಾರ ಕ್ರಿಸ್ ಮಲಿನ್‌ನನ್ನು ತಂದಿತು. ಮೊದಲ ವರ್ಷವೇ 24 ಸೋಲು. ತಾನು ಓದಿದ ಜಾರ್ಜ್‌ಟೌನ್‌ಗೇ ಕೋಚ್ ಆದ ಪ್ಯಾಟ್ರಿಕ್ ಯೂಯಿಂಗ್ ಅಂತೂ ಅನನುಭವಿಯೂ ಅಲ್ಲ, ಎನ್‌ಬಿಎಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಹಾಯಕನಾಗಿದ್ದವನು. ಆದರೂ 2021-22ರಲ್ಲಿ ಅವನ ಜಾರ್ಜ್‌ಟೌನ್ ತಂಡ ಲೀಗಿನ 19 ಪಂದ್ಯಗಳಲ್ಲಿ ಹತ್ತೊಂಬತ್ತನ್ನೂ ಸೋತಿತು. ಇವನ್ನೆಲ್ಲ ನಾನು ಹಿಂದಿನ ರಾತ್ರಿ ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಕೋಚ್ ಓರೆಗಣ್ಣಲ್ಲಿ ಹಾಳೆ ನೋಡಿ, "ಹೊಯ್‌ಬರ್ಗ್ ಎಲ್ಲಿ?" ಅಂದರು.

ಅವನೂ ಇದ್ದ, ಹಾಳೆಯ ಹಿಂದೆ. ಫ್ರೆಡ್ ಹೊಯ್‌ಬರ್ಗ್ 2010ರಲ್ಲಿ ತಾನು ಓದಿದ ಅಯೋವಾ ಸ್ಟೇಟ್‌ಗೆ ಕೋಚ್ ಆದಾಗ ಅವನಿಗೂ ಕೋಚಿಂಗ್ ಅನುಭವ ಇರಲಿಲ್ಲ. ಮೊದಲ ವರ್ಷ 16 ಗೆಲುವು, 16 ಸೋಲು. ಆಮೇಲೆ ಸತತ ನಾಲ್ಕು ವರ್ಷ ಎನ್‌ಸಿಎಎ ಟೂರ್ನಿ. ಬೇರೆ ಕಾಲೇಜುಗಳಿಂದ ಬಿಟ್ಟು ಬಂದ ಆಟಗಾರರನ್ನು ಸೇರಿಸಿಕೊಂಡು ತಂಡ ಕಟ್ಟುವುದನ್ನು, ಅದು ಇನ್ನೂ ಎಲ್ಲರ ರೂಢಿಯಾಗುವ ಮೊದಲೇ, ಅವನು ಕಲಿತುಬಿಟ್ಟಿದ್ದ.

ಹಾಲ್ ಆಫ್ ಫೇಮ್‌ನಲ್ಲಿ ಆ ಹೊತ್ತಿಗೆ ನಮ್ಮನ್ನು ಬಿಟ್ಟರೆ ಒಂದು ಕುಟುಂಬ ಮಾತ್ರ ಇತ್ತು. ಕೋಚ್ ನೇರವಾಗಿ ಜಾನ್ ವುಡನ್ ಹೆಸರು ಇದ್ದಲ್ಲಿಗೆ ಹೋಗಿ ನಿಂತರು. ವುಡನ್ ಈ ರಾಜ್ಯದ ಮಾರ್ಟಿನ್ಸ್‌ವಿಲ್‌ನ ಹುಡುಗ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾ ತಂಡ ನೋಡಿಕೊಳ್ಳುತ್ತಿದ್ದವರು. 1946ರಲ್ಲಿ ಇಂಡಿಯಾನಾ ಸ್ಟೇಟ್‌ಗೆ ಹೋದಾಗ ಅವರಿಗೂ ಕಾಲೇಜು ತಂಡ ನಡೆಸಿದ ಅನುಭವ ಇರಲಿಲ್ಲ. 1948ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯ ಸೇರಿದರು. ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1964ರಲ್ಲಿ. 1975ರಲ್ಲಿ ನಿವೃತ್ತರಾಗುವ ಹೊತ್ತಿಗೆ ಹತ್ತು. ಸಂಬಳ ಕೊನೆಯವರೆಗೂ ವರ್ಷಕ್ಕೆ 35,000 ಡಾಲರ್ ದಾಟಲಿಲ್ಲ ಅನ್ನುತ್ತಾರೆ.

"ನೋಡಿ, ಇವರೂ ಮೇಷ್ಟ್ರೇ" ಅಂದರು ಕೋಚ್.

"ಇವರಿಗೆ ಹದಿನಾರು ವರ್ಷ ಕೊಟ್ಟರು. ನಿಮಗೆ ಎಷ್ಟು ಕೊಡ್ತಾರೆ?" ಅಂದೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಬ್ಯಾಗಿನಿಂದ ಕರಾರುಪತ್ರದ ಕರಡು ತೆಗೆದರು. ಅವರಿಗೆ ತಟ್ಟೆ ಮೀರಿ ಹರಡಿದ ಹಂದಿಮಾಂಸದ ಟೆಂಡರ್‌ಲಾಯ್ನ್ ಸ್ಯಾಂಡ್‌ವಿಚ್, ನನಗೆ ಯಾವತ್ತಿನ ಹಾಗೆ ಚೀಸ್ ಹಚ್ಚಿದ ಬ್ರೆಡ್ಡು. ಐದು ವರ್ಷದ ಕರಾರು. ಆದರೆ ಕಾರಣ ಕೊಡದೆ ಯಾವಾಗ ಬೇಕಾದರೂ ತೆಗೆಯಬಹುದು. ತೆಗೆದರೆ ಒಂದು ವರ್ಷದ ಸಂಬಳ. ಆ ವರ್ಷದೊಳಗೆ ಬೇರೆ ಕೆಲಸ ಸಿಕ್ಕರೆ ಅಲ್ಲಿ ದುಡಿದಷ್ಟು ಇದರಲ್ಲಿ ಕಡಿತ. ಮೂವರು ಸಹಾಯಕರಿಗೆ ಇಟ್ಟಿದ್ದ ಒಟ್ಟು ಹಣ ನೋಡಿದರೆ ಈಗತಾನೇ ಕಾಲೇಜು ಮುಗಿಸಿದ ಹುಡುಗರು ಮಾತ್ರ ಬರಬೇಕು. ದೊಡ್ಡ ವಿಶ್ವವಿದ್ಯಾಲಯಗಳ ಕೋಚ್‌ಗಳನ್ನು ತೆಗೆದಾಗ ಕೋಟಿಗಟ್ಟಲೆ ಪರಿಹಾರ ಕೊಡುವ ಸುದ್ದಿ ಓದಿದವರಿಗೆ, ಸಣ್ಣ ಕಾಲೇಜಿನ ಕಾಗದ ಹೀಗಿರುತ್ತದೆ ಅಂತ ಗೊತ್ತಿರುವುದಿಲ್ಲ.

ಕೆಲಸದ ಸ್ವರೂಪವೂ ಅಲ್ಲೇ ಸ್ವಲ್ಪ ಬಿಚ್ಚಿಕೊಂಡಿತು. ಇಂಡಿಯಾನಾದ ಹೈಸ್ಕೂಲ್ ಆಟದಲ್ಲಿ ಶಾಟ್ ಕ್ಲಾಕ್ ಇರಲಿಲ್ಲ. ಎಂಟು ನಿಮಿಷದ ನಾಲ್ಕು ಭಾಗ, ಬೇಕಾದರೆ ಎರಡು ನಿಮಿಷ ಚೆಂಡು ತಿರುಗಿಸುತ್ತಾ ಕೂರಬಹುದು. ಕಾಲೇಜಿನಲ್ಲಿ 40 ನಿಮಿಷ, ಪ್ರತಿ 30 ಸೆಕೆಂಡಿಗೊಮ್ಮೆ ಎಸೆಯಲೇಬೇಕು. ಇದನ್ನು ಒಂದು ಬೇಸಿಗೆಯಲ್ಲಿ ಕಲಿಯಬಹುದು. ಕಷ್ಟದ್ದು ಉಳಿದದ್ದು. ಟ್ರಾನ್ಸ್‌ಫರ್ ಪೋರ್ಟಲ್, ಅಂದರೆ ಕಾಲೇಜು ಬದಲಾಯಿಸಬಯಸುವ ಆಟಗಾರರು ಹೆಸರು ಹಾಕುವ ಪಟ್ಟಿ, ಬಂದ ಮೇಲೆ ಪ್ರತಿ ವರ್ಷ ಸೀಸನ್ ಮುಗಿಯುತ್ತಿದ್ದಂತೆ ತಂಡ ಚದುರುತ್ತದೆ. 2021ರಿಂದ ಆಟಗಾರರು ತಮ್ಮ ಹೆಸರು, ಮುಖದಿಂದ ದುಡ್ಡು ಮಾಡಬಹುದಾದ್ದರಿಂದ, ನಿಮ್ಮಲ್ಲಿ ಚೆನ್ನಾಗಿ ಆಡಿದ ಹುಡುಗನನ್ನು ದೊಡ್ಡ ಕಾಲೇಜು ಕರೆಯುತ್ತದೆ. ನವೆಂಬರ್‌ನಲ್ಲಿ ಅದೇ ದೊಡ್ಡ ಕಾಲೇಜಿಗೆ ಹೋಗಿ, ಸೋತು, ಆಡಲು ಬಂದದ್ದಕ್ಕೆ ಅವರು ಕೊಡುವ ಚೆಕ್ಕು ತರಬೇಕು. ಸಣ್ಣ ಕಾಲೇಜುಗಳ ಬಜೆಟ್ ನಡೆಯುವುದೇ ಹೀಗೆ. ಇದರ ಜೊತೆಗೆ ದಾನಿಗಳ ಊಟ, ಎನ್‌ಸಿಎಎ ನಿಯಮದ ಕಟ್ಟು, ಹುಡುಗರ ಅಮ್ಮಂದಿರ ಫೋನು. ಕೋಚ್‌ಗೆ ಇದರಲ್ಲಿ ಗೊತ್ತಿದ್ದದ್ದು ಅಮ್ಮಂದಿರ ಫೋನು ಮಾತ್ರ.

ಅರ್ಹತೆಯ ಮಾತು ನಾನು ಎತ್ತುವುದು ಚೆಂದವಲ್ಲ. 2000ನೇ ಇಸವಿ ಬಂದರೆ ಕಂಪ್ಯೂಟರ್‌ಗಳು ಕೆಡುತ್ತವೆ ಎಂಬ ವೈಟುಕೆ ಗದ್ದಲದಲ್ಲಿ, 1998ರಲ್ಲಿ, ಬೆಂಗಳೂರಿನಿಂದ ವಿಮಾನ ಹತ್ತಿದ ನಮ್ಮ ಗುಂಪಿನವರಿಗೆ ಹಳೆಯ ಕಂಪ್ಯೂಟರ್ ಭಾಷೆ ಕೋಬಾಲ್ ಎಷ್ಟು ಬರುತ್ತಿತ್ತು ಅನ್ನುವುದು ನಮಗೆ, ದೇವರಿಗೆ ಮಾತ್ರ ಗೊತ್ತು. ಬಂದ ಮೇಲೆ ಕಲಿತೆವು. ಇದನ್ನೇ ಹೇಳಿದೆ: ಬಯಸದೇ ಬಂದ ಭಾಗ್ಯ, ಒಪ್ಪಿಕೊಳ್ಳಿ, ಕೆಲಸವೇ ಕಲಿಸುತ್ತದೆ.

ಕೋಚ್ ಸ್ಯಾಂಡ್‌ವಿಚ್ ಕೆಳಗಿಟ್ಟರು. "ನೀವು ಕಲಿಯೋವರೆಗೂ ನಷ್ಟ ಯಾರಿಗಾಗ್ತಿತ್ತು?"

"ನಾವು ಕೆಲಸ ಮಾಡುತ್ತಿದ್ದ ಬ್ಯಾಂಕಿಗೆ."

"ನಾನು ಕಲಿಯೋವರೆಗೂ ಹದಿಮೂರು ಹುಡುಗರಿಗೆ. ಅವರಿಗೆ ಇರೋದೇ ನಾಲ್ಕು ವರ್ಷ."

ಈ ಮಾತಿಗೆ ನನ್ನ ಹಾಳೆಯಲ್ಲಿ ಉತ್ತರ ಇರಲಿಲ್ಲ. ಆದರೆ ಅದರ ಸುತ್ತ ಯೋಚಿಸುತ್ತಾ ಹೋದಾಗಲೇ ತಾನು ಓದಿದ ಮಿಷಿಗನ್‌ಗೇ ಕೋಚ್ ಆಗಿದ್ದ ಜುವಾನ್ ಹೊವಾರ್ಡ್ ನೆನಪಾದದ್ದು. ಎರಡು ವಾರದ ಹಿಂದಷ್ಟೇ ಮಿಷಿಗನ್ ಅವನನ್ನು ತೆಗೆದಿತ್ತು. ಆ ವರ್ಷ 8 ಗೆಲುವು, 24 ಸೋಲು. ಎಲ್ಲರೂ ಅದನ್ನೇ ಮಾತಾಡುತ್ತಿದ್ದರು. ನನಗೆ ನೆನಪಾದದ್ದು ಅವನ ಶುರುವಾತು. 2019ರಲ್ಲಿ ಹೆಡ್ ಕೋಚ್ ಅನುಭವ ಇಲ್ಲದೆ ಬಂದ ಅವನು ಮಾಡಿದ ಒಂದು ಜಾಣ ಕೆಲಸ, ಫಿಲ್ ಮಾರ್ಟೆಲಿಯನ್ನು ಪಕ್ಕದಲ್ಲಿ ಕೂರಿಸಿಕೊಂಡದ್ದು. ಸೇಂಟ್ ಜೋಸೆಫ್ಸ್‌ನಲ್ಲಿ 24 ವರ್ಷ ಹೆಡ್ ಕೋಚ್ ಆಗಿದ್ದು ಕೆಲಸ ಕಳೆದುಕೊಂಡಿದ್ದ ಹಿರಿಯ. ಎರಡನೇ ವರ್ಷವೇ ಮಿಷಿಗನ್ ತನ್ನ ಲೀಗ್ ಬಿಗ್ ಟೆನ್ ಗೆದ್ದಿತು, ಹೊವಾರ್ಡ್‌ಗೆ ವರ್ಷದ ಕೋಚ್ ಗೌರವವೂ ಬಂತು. 2022ರಲ್ಲಿ ವಿಸ್ಕಾನ್ಸಿನ್ ಪಂದ್ಯದ ಕೊನೆಯಲ್ಲಿ ಕೈ ಮಾಡಿ ಅವನು ಐದು ಪಂದ್ಯ ಹೊರಗೆ ಉಳಿದಾಗ ತಂಡ ನಡೆಸಿದ್ದೂ ಮಾರ್ಟೆಲಿಯೇ. ಪಕ್ಕದ ಕುರ್ಚಿ ಯಾವತ್ತೂ ಕಾಪಾಡುತ್ತದೆ ಅನ್ನಲಾರೆ. ಹೊವಾರ್ಡ್‌ನನ್ನು ಕೊನೆಗೆ ಕಾಪಾಡಲಿಲ್ಲ. ಆದರೆ ಕಲಿಯುವವನ ನಷ್ಟ ಹುಡುಗರ ತಲೆ ಮೇಲೆ ಪೂರ್ತಿ ಬೀಳದ ಹಾಗೆ ನೋಡಿಕೊಳ್ಳುವುದಕ್ಕೆ ಬೇರೆ ದಾರಿ ನನಗೆ ಕಾಣಲಿಲ್ಲ.

ಹಾಗಾಗಿ ನನ್ನ ಸಲಹೆ ಹೀಗೆ ಬಂತು. ಒಪ್ಪಿಕೊಳ್ಳಿ, ಆದರೆ ಹೆಡ್ ಕೋಚ್ ಆಗಿ ಪಳಗಿದ ಒಬ್ಬ ಹಿರಿಯರನ್ನು ಕರೆದುಕೊಂಡೇ ಹೋಗಿ. ಎಲ್ಲರೆದುರು ನಿಮಗೆ "ಬೇಡ" ಅನ್ನುವ ಧೈರ್ಯ ಇರುವವರು ಬೇಕು. ದುಡ್ಡಿಲ್ಲ ಅಂದರೆ ನಿಮ್ಮ ಸಂಬಳದಿಂದ ಕತ್ತರಿಸಿ ಕೊಡಿ ಅನ್ನಿ. ಆರು ಪಟ್ಟು ನಾಲ್ಕು ಪಟ್ಟಾದರೂ ಮೇಷ್ಟ್ರಿಗೆ ಅದು ಹಬ್ಬವೇ.

ಕೋಚ್ ನಕ್ಕರು. "ಸಂಬಳ ಕಡಿಮೆ ಮಾಡಿ ಅಂತ ಕೇಳಿದವನನ್ನು ಅಮೆರಿಕದಲ್ಲಿ ಯಾರೂ ಗಂಭೀರವಾಗಿ ತಗೊಳಲ್ಲ."

ಅದು ನಿಜವೂ ಆಯಿತು. ಮುಂದಿನ ವಾರ ಅವರು ಕೇಳಿದಾಗ ಡೈರೆಕ್ಟರ್ ಮೊದಲು ಸಿಟ್ಟಾದನಂತೆ. ಪೋಸ್ಟರಿನಲ್ಲಿ ಒಂದೇ ಮುಖ ಬೇಕು, ಎರಡು ಮುಖ ಇದ್ದರೆ ಯಾರು ಯಜಮಾನ ಅಂತ ಜನ ಕೇಳುತ್ತಾರೆ ಅಂದನಂತೆ. ಗೆಳೆತನವೂ ಸ್ವಲ್ಪ ಹಳಸಿತು. ನನ್ನ ಪ್ರಕಾರ ಕೋಚ್ ಅಲ್ಲಿಗೇ ಎದ್ದು ಬರಬೇಕಿತ್ತು. ಯಾಕೆ ಕರೆದರು ಅನ್ನುವುದು ಅಷ್ಟು ಸ್ಪಷ್ಟವಾಗಿ ಬಾಯಿಂದ ಹೊರಬಿದ್ದ ಮೇಲೆ ಕೇಳುವುದಕ್ಕೆ ಇನ್ನೇನಿತ್ತು? ಅವರು ಎದ್ದು ಬರಲಿಲ್ಲ. ಪಟ್ಟು ಬಿಡದೆ ಕೂತರು. ಕಾಲೇಜಿಗೂ ಪೋರ್ಟಲ್ ತೆರೆದು ಹುಡುಗರು ಒಬ್ಬೊಬ್ಬರಾಗಿ ಖಾಲಿಯಾಗುತ್ತಿದ್ದ ಅವಸರ ಇತ್ತು, ಕೊನೆಗೆ ಒಪ್ಪಿದರು.

ಮನೆ ಮಾರಲಿಲ್ಲ. ಬಾಡಿಗೆಗೆ ಕೊಟ್ಟು ಹೋದರು. ಬಂದ ಹಿರಿಯರು ಅರವತ್ತು ದಾಟಿದವರು, ಕಡಿಮೆ ಮಾತು, ಟೈಮ್‌ಔಟ್‌ನಲ್ಲಿ ಎಲ್ಲರ ಎದುರೇ ಕೋಚ್ ಬರೆದ ಹಲಗೆಯನ್ನು ಒರೆಸಿಬಿಡುವ ಧೈರ್ಯದವರು. ನಾನು ನೋಡಿದ ಪಂದ್ಯದಲ್ಲೇ ಅದು ಆಯಿತು. ಆ ಪಂದ್ಯ ಸೋತರು. ಮೊದಲ ವರ್ಷದಲ್ಲಿ ಬಹಳ ಸೋತರು. ಆಟ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್ ಅವರೇ ಕಾನ್ಸಸ್‌ನಲ್ಲಿ ಕೋಚ್ ಆಗಿ 55 ಗೆದ್ದು 60 ಸೋತವರು ಅಂತ ನಾನು ಸಮಾಧಾನ ಹೇಳಿದರೆ, "ಅವರನ್ನು ತೆಗೆಯೋಕೆ ಡೈರೆಕ್ಟರ್ ಇರಲಿಲ್ಲವಲ್ಲ" ಅಂದರು.

ಎರಡನೇ ಬೇಸಿಗೆಯಲ್ಲಿ ಕೋಚ್ ಫೋನ್ ಮಾಡಿದ್ದು ಬೇರೆ ಗಾಬರಿಗೆ. ಹಿರಿಯರಿಗೆ ಇನ್ನೊಂದು ಕಾಲೇಜಿನಿಂದ ಹೆಡ್ ಕೋಚ್ ಕರೆ ಬಂದಿದೆ. ಸೋಲಿಗೆ ಅಂಜದ ಮನುಷ್ಯ ಅವತ್ತು ನಡುಗುತ್ತಿದ್ದರು. ಹಿರಿಯರು ಕೊನೆಗೆ ಹೋಗಲಿಲ್ಲ. ಮೊಣಕಾಲಿನ ಆಪರೇಷನ್ ಇದೆ, ಈ ವಯಸ್ಸಿನಲ್ಲಿ ಊರು ಬದಲಾಯಿಸುವುದು ಯಾರಿಗೆ ಬೇಕು ಅಂದರಂತೆ. ಆದರೆ ಸುದ್ದಿ ಡೈರೆಕ್ಟರ್ ಕಿವಿಗೂ ಬಿದ್ದಿತ್ತು. ಆ ವರ್ಷದಿಂದ ಹಿರಿಯರ ಸಂಬಳ ಕಾಲೇಜೇ ಕೊಡುತ್ತಿದೆ, ಕೋಚ್‌ಗೆ ಕತ್ತರಿಸಿದ್ದು ವಾಪಸ್ ಬಂದಿದೆ. ನನ್ನ ಹೆಂಡತಿ ಇದನ್ನು ಕೇಳಿ, "ಹಾಗಾದ್ರೆ ಈಗ ಬಾಡಿಗೆ ಮನೆ ಬಿಟ್ಟು ಅಲ್ಲೇ ಒಂದು ಮನೆ ತಗೋಬಹುದು ಅಂತ ಹೇಳಬೇಡಿ ಮತ್ತೆ" ಅಂತ ನನಗೆ ಎಚ್ಚರಿಕೆ ಕೊಟ್ಟಳು. ನಾನು ಹೇಳಿಲ್ಲ.