ಏರು ಅವಳಿಗೆ, ಇಳಿಜಾರು ನನಗೆ

ಮಂಡಿ ನೋವಿದ್ದರೂ ನಿಧಾನವಾಗಿ ಓಡಿದರೆ ಏನೂ ಆಗುವುದಿಲ್ಲ ಎಂಬ ಮಾತು ಓಟಗಾರರ ನಡುವೆ ಧಾರಾಳವಾಗಿ ಚಾಲ್ತಿಯಲ್ಲಿದೆ. ಈ ಮಾತು ಎಲ್ಲ ಮಂಡಿ ನೋವಿಗೂ ಒಪ್ಪುವುದಿಲ್ಲವೆಂಬುದನ್ನು ನಾನು ಮೈಸೂರಿನಲ್ಲಿ ನಡೆದ ಅರ್ಧ ಮ್ಯಾರಥಾನೊಂದರಲ್ಲಿ, ಅಭ್ಯಾಸವೇ ಇಲ್ಲದ ಗೆಳತಿಯೊಬ್ಬಳ ಜೊತೆ ಓಡುತ್ತ, ನನ್ನದೇ ಕಾಲಿನಿಂದ ಕಲಿತೆ. ನನಗಿದ್ದದ್ದು ಐ.ಟಿ. ಬ್ಯಾಂಡಿನ, ಅಂದರೆ ಇಲಿಯೊಟಿಬಿಯಲ್ ಬ್ಯಾಂಡಿನ ತೊಂದರೆ. ಸೊಂಟದ ಪಕ್ಕದಿಂದ ಹೊರಟು, ತೊಡೆಯ ಹೊರಮಗ್ಗುಲಲ್ಲಿ ಇಳಿದು, ಮಂಡಿಯ ಕೆಳಗಿನ ಮೂಳೆಗೆ ಅಂಟಿಕೊಳ್ಳುವ ದಪ್ಪನೆಯ ಪಟ್ಟಿಯೊಂದು ನಮ್ಮೆಲ್ಲರ ಕಾಲಿನಲ್ಲೂ ಇದೆ. ಮಂಡಿ ಸುಮಾರು 30 ಡಿಗ್ರಿಯಷ್ಟು ಮಡಿಸಿದಾಗ ಈ ಪಟ್ಟಿ ತೊಡೆಮೂಳೆಯ ಹೊರಬದಿಯ ಉಬ್ಬನ್ನು ಒತ್ತುತ್ತದೆ; ಓಟದಲ್ಲಿ ಈ ಒತ್ತಡ ಸಾವಿರಾರು ಸಲ ಮರುಕಳಿಸಿದಾಗ ಅಲ್ಲಿ ನೋವು ಹುಟ್ಟುತ್ತದೆ. ಇದರ ವಿಚಿತ್ರವೆಂದರೆ ನಡೆಯುವಾಗ ಸಾಮಾನ್ಯವಾಗಿ ನೋವಿರುವುದಿಲ್ಲ, ಮೆಟ್ಟಿಲು ಹತ್ತುವಾಗ ಅಷ್ಟೇನೂ ಇರುವುದಿಲ್ಲ. ಆದರೆ ಇಳಿಜಾರಿನಲ್ಲಿ ಓಡಿದರೆ ಮಂಡಿಯ ಹೊರಬದಿಗೆ ಮೊಳೆ ಹೊಡೆದಂತಾಗುತ್ತದೆ. ಇನ್ನೂ ವಿಚಿತ್ರವೆಂದರೆ ಚುರುಕಾಗಿ ಓಡುವುದಕ್ಕಿಂತ ಕಾಲೆಳೆದುಕೊಂಡು ಮೆಲ್ಲಗೆ ಓಡುವುದೇ ಇದಕ್ಕೆ ಹೆಚ್ಚು ಕೆಟ್ಟದ್ದು. ವೇಗದ ಓಟದಲ್ಲಿ ಪಾದ ನೆಲ ಮುಟ್ಟುವ ಹೊತ್ತಿಗೆ ಮಂಡಿ ಆ ಅಪಾಯದ ಕೋನವನ್ನು ದಾಟಿ ಮಡಿಸಿರುತ್ತದೆ. ನಿಧಾನದ ಓಟದಲ್ಲಿ ಪ್ರತಿ ಹೆಜ್ಜೆಯೂ ಅದೇ ಕೋನದಲ್ಲಿ ನೆಲಕ್ಕೆ ಬೀಳುತ್ತದೆ.

ನನ್ನನ್ನು ನೋಡಿದ ಫಿಸಿಯೋಥೆರಪಿಸ್ಟ್ ಓಡಬೇಡಿ ಎಂದೂ ಹೇಳಲಿಲ್ಲ, ಓಡಿ ಎಂದೂ ಹೇಳಲಿಲ್ಲ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುತ್ತಾ ಹೋಗಿ, ಮೂರರೊಳಗಿದ್ದರೆ ಮುಂದುವರಿಯಿರಿ, ಮೀರಿದರೆ ನಡೆಯಿರಿ, ಕುಂಟಲು ಶುರುವಾದರೆ ನಿಲ್ಲಿಸಿಬಿಡಿ ಎಂದರು. ಓಡುವ ಮುನ್ನ ನೋವಿನ ಮಾತ್ರೆ ನುಂಗಕೂಡದೆಂದು ಮಾತ್ರ ಕಟ್ಟುನಿಟ್ಟಾಗಿ ಹೇಳಿದರು. ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಐಬುಪ್ರೊಫೇನ್‌ನಂಥ ಮಾತ್ರೆಗಳು ಮೂತ್ರಪಿಂಡಕ್ಕೆ ಹೊರೆಯಾಗುತ್ತವೆ. ಅದಕ್ಕಿಂತ ಹೆಚ್ಚಾಗಿ, ನೋವನ್ನೇ ಮುಚ್ಚಿಟ್ಟರೆ ಅಂಕ ಕೊಡುವುದು ಯಾವುದಕ್ಕೆ? ಓಟದ ಹಿಂದಿನ ವಾರಗಳಲ್ಲಿ ನಾನು ಓಟ ಕಡಿಮೆ ಮಾಡಿ, ಪಕ್ಕಕ್ಕೆ ಮಲಗಿ ಕಾಲೆತ್ತುವ ಸೊಂಟದ ವ್ಯಾಯಾಮವನ್ನು ಬೇಸರವಾಗುವಷ್ಟು ಮಾಡಿದೆ.

ಗೆಳತಿಯ ಕಥೆ ಬೇರೆ. ಕಾಲೇಜಿನಿಂದ ನಾವು ಜೊತೆಗಾರರು. ಬ್ಯಾಂಕಿನಲ್ಲಿ ಕೆಲಸ, ಮನೆಯಲ್ಲಿ ಪಿಯುಸಿ ಓದುವ ಮಗಳು, ಕಣ್ಣಿನ ಪೊರೆಯ ಆಪರೇಷನ್ ಆಗಿದ್ದ ತಾಯಿ. ಹೆಸರು ನೋಂದಾಯಿಸಿದ ದಿನ ಅವಳಿಗಿದ್ದ ಹುಮ್ಮಸ್ಸು ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲಿನ ಕೆಲವು ಬೆಳಗುಗಳಿಗೆ ಸಾಕಾಯಿತು. ಆಮೇಲೆ ಒಂದಲ್ಲ ಒಂದು ಅಡ್ಡಿ. ಅವಳು ಒಂದೇ ಸಮನೆ ಓಡಿದ ಅತಿ ಉದ್ದದ ದೂರ ಎಂಟು ಕಿಲೋಮೀಟರ್. ಹೋಗಲಿ, ಮುಂದಿನ ವರ್ಷ ಓಡೋಣ ಎಂದು ನಾನು ಹೇಳಿನೋಡಿದೆ. "ದುಡ್ಡು ಕಟ್ಟಿದ್ದೀನಿ ಕಣೇ, ಟೀ ಶರ್ಟ್ ಬೇರೆ ಬಂದಿದೆ. ನಿನ್ನ ಮಂಡಿ ಹೇಗೂ ಕೆಟ್ಟಿದೆಯಲ್ಲ, ಇಬ್ಬರೂ ನಿಧಾನಕ್ಕೆ ಹೋಗೋಣ" ಎಂದಳು. ಅವಳ ಲೆಕ್ಕದಲ್ಲಿ ಅವಳ ಅಭ್ಯಾಸದ ಕೊರತೆಗೂ ನನ್ನ ಮಂಡಿಗೂ ಚೆನ್ನಾಗಿ ಜಾತಕ ಕೂಡಿತ್ತು.

ಕೂಡಿರಲಿಲ್ಲ ಎಂಬುದೇ ನಮ್ಮ ಸಮಸ್ಯೆ. ಅವಳು 21 ಕಿಲೋಮೀಟರ್ ಮುಗಿಸಬೇಕಾದರೆ ಅವಳ ನಿಧಾನದ ಓಟವೇ ಬೇಕು. ಆ ವೇಗದಲ್ಲಿ ಮೂರು ಗಂಟೆ ಓಡಿದರೆ ನನ್ನ ಮಂಡಿ ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ನನಗೆ ಹಿತವಾದ ವೇಗದಲ್ಲಿ ಓಡಿದರೆ ಅವಳು ಆರನೇ ಕಿಲೋಮೀಟರಿಗೇ ಕುಸಿಯುತ್ತಾಳೆ. ಇದಕ್ಕೆ ನಾವು ಕಂಡುಕೊಂಡ ದಾರಿ ಓಟ ಮತ್ತು ನಡಿಗೆಯನ್ನು ಮೊದಲಿನಿಂದಲೇ ಬೆರೆಸುವುದು. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ ಅಮೆರಿಕದ ಜೆಫ್ ಗ್ಯಾಲೊವೇ ಹೊಸಬರಿಗೆ ಹೇಳಿಕೊಟ್ಟು ಬಳಕೆಗೆ ತಂದ ಕ್ರಮ ಇದು. ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮೊದಲೇ, ಗಡಿಯಾರ ನೋಡಿಕೊಂಡು ನಡೆಯುವುದು. ಎರಡು ನಿಮಿಷ ಕೊಂಚ ಚುರುಕಾದ ಓಟ, ಒಂದು ನಿಮಿಷ ಬಿರುಸಿನ ನಡಿಗೆ. ಓಡುವಾಗ ನನ್ನ ಮಂಡಿ ಕೆಟ್ಟ ಕೋನವನ್ನು ತಪ್ಪಿಸಿಕೊಳ್ಳುತ್ತದೆ, ನಡೆಯುವಾಗ ಅವಳ ಉಸಿರು ಹಿಂದಿರುಗುತ್ತದೆ. ಕಿಲೋಮೀಟರಿಗೆ ಎಂಟೂವರೆ ನಿಮಿಷದ ಲೆಕ್ಕವಾಯಿತು. ಗಡುವಿದ್ದದ್ದು ಮೂರೂಕಾಲು ಗಂಟೆ. ಕಾಗದದ ಮೇಲೆ ಕಾಲು ಗಂಟೆ ಉಳಿಯುತ್ತಿತ್ತು.

ಚಳಿಗಾಲದ ಭಾನುವಾರ. ಬೆಳಗಿನ ಆರು ಗಂಟೆಗೆ ಅರಮನೆಯ ಎದುರಿನ ದೊಡ್ಡಕೆರೆ ಮೈದಾನದ ಬಳಿಯಿಂದ ಹೊರಟಾಗ ಇನ್ನೂ ಕತ್ತಲೆ. ಮೊದಲ ಎರಡು ನಿಮಿಷ ಮುಗಿದು ನಾವು ನಡೆಯತೊಡಗಿದೊಡನೆ ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ಶುರುವಿನಲ್ಲೇ ನಡೆಯುವವರನ್ನು ಕಂಡರೆ ಜನರಿಗೆ ಅನುಕಂಪ ಉಕ್ಕುತ್ತದೆ. ಒಬ್ಬ ಹಿರಿಯರು, "ಆಗುತ್ತಮ್ಮಾ, ಪ್ರಯತ್ನ ಬಿಡಬೇಡಿ" ಎಂದು ಹುರಿದುಂಬಿಸಿ ಮುಂದೆ ಹೋದರು. ಗೆಳತಿಗೆ ಅವಮಾನವಾಯಿತು. ದೇವರಾಜ ಅರಸು ರಸ್ತೆಯ ಉದ್ದಕ್ಕೂ ಅವಳು, ಈಗೇನೂ ಸುಸ್ತಿಲ್ಲ, ಓಡಿಬಿಡೋಣ ಎಂದು ಪೀಡಿಸಿದಳು. ನಾನು ಮಣಿಯಲಿಲ್ಲ. ಕ್ರಾಫರ್ಡ್ ಭವನದ ಕಡೆಯಿಂದ ಸುತ್ತಿಕೊಂಡು ಮತ್ತೆ ಅರಮನೆಯ ಹತ್ತಿರ ಬರುವ ಹೊತ್ತಿಗೆ ಬೆಳಕು ಹರಿದಿತ್ತು, ಏಳು ಕಿಲೋಮೀಟರ್ ಆಗಿತ್ತು, ನಮ್ಮ ಹಿಂದೆ ಉಳಿದವರನ್ನು ಬೆರಳೆಣಿಕೆಯಲ್ಲಿ ಹೇಳಬಹುದಾಗಿತ್ತು.

ಐ.ಟಿ. ಬ್ಯಾಂಡಿನ ನೋವಿಗೆ ಒಂದು ಶಿಸ್ತಿದೆ: ಅದು ಹೆಚ್ಚುಕಡಿಮೆ ಒಂದೇ ದೂರದ ನಂತರ ಬರುತ್ತದೆ. ನನಗೆ ಅಭ್ಯಾಸದಲ್ಲಿ ಆರನೇ ಕಿಲೋಮೀಟರಿನಲ್ಲಿ ಬರುತ್ತಿದ್ದದ್ದು ಅಂದು ಎಂಟು ದಾಟಿದ ಮೇಲೆ ಬಂತು. ಒಂದು ಅಂಕ, ಹೆಚ್ಚೆಂದರೆ ಎರಡು. ನಮ್ಮ ರಸ್ತೆಗಳು ಮಳೆನೀರು ಹರಿದುಹೋಗಲೆಂದು ನಡುವೆ ಉಬ್ಬಿ ಅಂಚಿಗೆ ಇಳಿಜಾರಾಗಿರುತ್ತವೆ. ಸದಾ ಎಡ ಅಂಚಿನಲ್ಲಿ ಓಡುವವರ ಎಡಗಾಲು ತಗ್ಗಿನಲ್ಲಿ ಬೀಳುತ್ತದೆ, ಮತ್ತು ಕೆಟ್ಟಿದ್ದದ್ದು ನನ್ನ ಎಡ ಮಂಡಿಯೇ. ಹಾಗಾಗಿ ನಾನು ಸಮತಟ್ಟಾದ ನಡುರಸ್ತೆಯನ್ನು ಹಿಡಿದೆ. ಸ್ವಯಂಸೇವಕ ಹುಡುಗರು ಶಿಳ್ಳೆ ಊದಿ ಪಕ್ಕಕ್ಕೆ ಸರಿಯಿರಿ ಎಂದಾಗಲೆಲ್ಲ ಸರಿದು, ಅವರನ್ನು ದಾಟಿದ ಕೂಡಲೇ ಮತ್ತೆ ನಡುವಿಗೆ ಬರುತ್ತಿದ್ದೆ.

ರೇಸ್ ಕೋರ್ಸ್ ಕಳೆದು ಲಲಿತಮಹಲ್ ಕಡೆಗೆ ಏರು ಶುರುವಾಯಿತು. 1921ರಲ್ಲಿ ಅಡಿಗಲ್ಲು ಹಾಕಿ ಕಟ್ಟಿಸಿದ ಆ ಬಿಳಿಯ ಅರಮನೆ ಎತ್ತರದ ಜಾಗದಲ್ಲಿದ್ದು ದೂರದಿಂದಲೇ ಕಾಣುತ್ತದೆ. ಕಾರಿನಲ್ಲಿ ಹೋಗುವವರಿಗೆ ಅದು ಏರೆಂದೇ ತಿಳಿಯುವುದಿಲ್ಲ. ಹನ್ನೊಂದು ಕಿಲೋಮೀಟರ್ ದಾಟಿದ್ದ, ಎಂಟಕ್ಕಿಂತ ಹೆಚ್ಚು ಎಂದೂ ಕಾಣದ ನನ್ನ ಗೆಳತಿಗೆ ಅದು ಚಾಮುಂಡಿ ಬೆಟ್ಟವಾಯಿತು. ಮಾತು ನಿಂತಿತು. ಮುಖ ಕೆಂಪಾಗಿ, ಬಾಯಿಂದ ಉಸಿರೆಳೆಯುತ್ತ, ಎರಡು ಕೈಗಳನ್ನೂ ತೊಡೆಯ ಮೇಲೆ ಊರಿಕೊಂಡು ನಡೆಯತೊಡಗಿದಳು. ನನಗೋ, ಏರಿನಲ್ಲಿ ಮಂಡಿ ನೋವು ಪೂರ್ತಿ ಮಾಯವಾಗಿತ್ತು. ಒಬ್ಬರ ಕಷ್ಟದ ಪಕ್ಕದಲ್ಲಿ ಇಷ್ಟು ಸುಖವಾಗಿ ಹೆಜ್ಜೆ ಹಾಕುವುದಕ್ಕೆ ಸಂಕೋಚವೆನಿಸಿತು. ಸೊಂಟದ ಚೀಲದಲ್ಲಿ ತಂದಿದ್ದ ಕಡಲೆ ಮಿಠಾಯಿಯನ್ನು ಮುರಿದು ಅವಳ ಕೈಗಿಟ್ಟೆ. ಓಡುವವರು ಪ್ರತಿ ಕಿಲೋಮೀಟರಿಗೆ, ದೇಹದ ತೂಕದ ಪ್ರತಿ ಕಿಲೋಗೆ, ಸುಮಾರು ಒಂದು ಕಿಲೋ ಕ್ಯಾಲೊರಿ ಖರ್ಚು ಮಾಡುತ್ತಾರೆ. ಎಪ್ಪತ್ತು ಕಿಲೋದವಳಿಗೆ ಇಡೀ ಓಟಕ್ಕೆ ಸಾವಿರದ ನಾನೂರಕ್ಕೂ ಮೇಲೆ. ನಾಲ್ಕೂವರೆಗೆ ತಿಂದ ಎರಡು ಇಡ್ಲಿ ಎಲ್ಲಿಗೆ ಸಾಲುತ್ತದೆ? "ಬಾಯಿ ಒಣಗಿದೆ, ಅಗಿಯೋಕೇ ಆಗ್ತಿಲ್ಲ" ಎಂದು ಅವಳು ಅದನ್ನು ಕೆನ್ನೆಯೊಳಗೆ ಒತ್ತಿಕೊಂಡು, ಬೆಲ್ಲವನ್ನಷ್ಟೇ ಚೀಪುತ್ತ ಏರು ಮುಗಿಸಿದಳು.

ವರ್ತುಲ ರಸ್ತೆಯ ಕಡೆಗೆ ಹೋಗಿ ಮರಳುವ ತಿರುವಿನಲ್ಲಿ ನೀರಿತ್ತು, ಬಾಳೆಹಣ್ಣು ಮುಗಿದಿತ್ತು. ಖಾಲಿ ಗೊನೆಯ ದಿಂಡು, ರಸ್ತೆಯ ತುಂಬ ಸಿಪ್ಪೆ, ಮೇಜು ಮಡಚಲು ತೊಡಗಿದ್ದ ಹುಡುಗರು. ಯಾರಿಗೆ ಆಹಾರದ ಅಗತ್ಯ ಹೆಚ್ಚೋ ಅವರು ತಲುಪುವ ವೇಳೆಗೆ ಆಹಾರ ಮುಗಿದಿರುವುದು ನಾನು ಬಲ್ಲ ಹೆಚ್ಚಿನ ಓಟಗಳ ರಿವಾಜು. ಎರಡೂವರೆ ಗಂಟೆಯಲ್ಲಿ ಮುಗಿಸುವವರನ್ನು ಲೆಕ್ಕಕ್ಕೆ ಹಿಡಿದು ಹಣ್ಣು ತರಿಸಿ, ಮೂರೂಕಾಲು ಗಂಟೆಯ ಗಡುವು ಘೋಷಿಸುವುದರಲ್ಲಿ ಯಾವ ನ್ಯಾಯವಿದೆಯೋ ಕಾಣೆ. ಅಲ್ಲಿಂದ ಮುಂದಕ್ಕೆ ಆಂಬುಲೆನ್ಸ್ ಒಂದು ನಮ್ಮ ಹಿಂದೆಯೇ ತೆವಳತೊಡಗಿತು. ವೃತ್ತದಲ್ಲಿ ನಿಂತಿದ್ದ ಸಂಚಾರಿ ಪೇದೆ ಗೆಳತಿಯ ಮುಖ ನೋಡಿ, "ಮೇಡಂ, ಆಟೋ ನಿಲ್ಲಿಸ್ಲಾ?" ಎಂದು ನಿಜವಾದ ಕಾಳಜಿಯಿಂದಲೇ ಕೇಳಿದರು.

ಮರಳುವಾಗ ಅದೇ ಏರು ಇಳಿಜಾರಾಯಿತು, ನಮ್ಮ ಪಾತ್ರಗಳೂ ಅದಲುಬದಲಾದವು. ಅವಳ ಉಸಿರು ಮರಳಿತು, ಮಾತು ಮರಳಿತು. ನನ್ನ ಮಂಡಿಯ ಅಂಕ ನೂರು ಹೆಜ್ಜೆಯೊಳಗೆ ಎರಡರಿಂದ ಐದಕ್ಕೆ ಹಾರಿತು. ನಾನು ಓಟ ನಿಲ್ಲಿಸಿ, ಕೂಡಲೇ ನಡಿಗೆಗೆ ಇಳಿದೆ. ಅವಳಿಗೆ ಇಡೀ ದಿನದಲ್ಲಿ ಪುಕ್ಕಟೆಯಾಗಿ ಸಿಕ್ಕ ಒಂದೇ ಒಂದು ತುಂಡು ರಸ್ತೆ ಅದು, ಅದನ್ನು ನನ್ನ ಜೊತೆ ನಡೆದು ಕಳೆಯುವುದು ಬೇಡವೆಂದು, ಓಡಿಹೋಗಿ ಕೆಳಗೆ ಕಾಯುವಂತೆ ಹೇಳಿದೆ. ಅವಳು ಹೋಗಿ ಕಾದಳು. ಸೂರ್ಯ ಮೇಲೇರಿದ್ದ. ನಾನು ಸೇರಿಕೊಳ್ಳುವ ಹೊತ್ತಿಗೆ ಅವಳ ಕಾಲುಗಳು ಬಿಗಿದಿದ್ದವು; ಮತ್ತೆ ಓಡಲು ಹೆಜ್ಜೆಯೆತ್ತಿದವಳು ಬಲ ಮೀನಖಂಡವನ್ನು ಹಿಡಿದುಕೊಂಡು ಅಯ್ಯೋ ಎಂದು ಅಲ್ಲೇ ಕುಳಿತಳು. ಆಂಬುಲೆನ್ಸ್ ನಿಂತಿತು. ಬಾಗಿಲು ತೆರೆಯುವ ಸದ್ದು ಕೇಳಿದೊಡನೆ ಅವಳು, "ಬೇಡ ಅಂತ ಹೇಳು, ಬೇಡ ಅಂತ ಹೇಳು" ಎಂದು ನನ್ನ ತೋಳನ್ನು ಚಿವುಟಿದಳು.

ಸ್ನಾಯು ಹಿಡಿದಾಗ ಉಪ್ಪು ಕಡಿಮೆಯಾಗಿದೆ ಎನ್ನುವುದು ರೂಢಿ. ದಣಿದ ಸ್ನಾಯುವಿನ ಮೇಲೆ ನರಗಳ ಹತೋಟಿ ತಪ್ಪುವುದೂ ಕಾರಣವೆಂದು ಈಗ ಹೇಳುತ್ತಾರೆ, ಮತ್ತು ಆ ಕ್ಷಣಕ್ಕೆ ಕೆಲಸ ಮಾಡುವುದು ಎಳೆತವೇ. ನಾನು ರಸ್ತೆಯ ಮೇಲೆ ಮಂಡಿಯೂರಿ, ಅವಳ ಕಾಲನ್ನು ನೇರವಾಗಿ ಚಾಚಿಸಿ, ಬೂಟಿನ ತುದಿಯನ್ನು ಅವಳ ಕಡೆಗೇ ಒತ್ತಿ ಹಿಡಿದೆ. ಚರ್ಮದ ಕೆಳಗೆ ನಿಂಬೆಹಣ್ಣಿನಷ್ಟು ಗಾತ್ರದ ಗಂಟೊಂದು ನಡುಗುತ್ತಿದ್ದದ್ದು ಕಣ್ಣಿಗೇ ಕಾಣುತ್ತಿತ್ತು. ಅದು ನಿಧಾನವಾಗಿ ಸಡಿಲಾಯಿತು. ನೀರಿನ ಬಾಟಲಿಯನ್ನು ಪೂರ್ತಿ ಕುಡಿಯಹೊರಟವಳನ್ನು ತಡೆದು, ಉಪ್ಪು ಸಕ್ಕರೆ ಬೆರೆಸಿದ ನಿಂಬೆರಸವನ್ನು ಗುಟುಕು ಗುಟುಕಾಗಿ ಕುಡಿಸಿದೆ. ನಿಧಾನದ ಓಟಗಾರರಿಗೆ ನೀರು ಕಡಿಮೆಯಾಗುವುದಷ್ಟೇ ಅಲ್ಲ, ಹೆಚ್ಚಾಗುವುದೂ ಅಪಾಯ. 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಸಹಜ ಮಟ್ಟಕ್ಕಿಂತ ತಗ್ಗಿತ್ತು. ಹೆಚ್ಚು ಹೊತ್ತು ಓಡಿ, ಸಿಕ್ಕಲ್ಲೆಲ್ಲ ನೀರು ಕುಡಿದು, ತೂಕ ಏರಿಸಿಕೊಂಡವರೇ ಅದರಲ್ಲಿ ಮುಂದಿದ್ದರು.

ಅಲ್ಲಿಂದ ಓಟವೂ ಒಂದು ನಿಮಿಷ, ನಡಿಗೆಯೂ ಒಂದು ನಿಮಿಷ ಎಂದು ಲೆಕ್ಕವನ್ನು ಬದಲಿಸಿದೆವು. ಉಳಿದ ನಾಲ್ಕು ಕಿಲೋಮೀಟರುಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಏರು ಬಂದಾಗ ನಾನು ಗಡಿಯಾರ ನೋಡಿ "ಈಗ" ಎನ್ನುತ್ತಿದ್ದೆ, ಇಳಿಜಾರು ಬಂದಾಗ ಅವಳು "ನೀನು ನಡಿ" ಎನ್ನುತ್ತಿದ್ದಳು. ಇಬ್ಬರಿಗೂ ಒಂದೇ ಜಾಗದಲ್ಲಿ ಕಷ್ಟ ಬಂದಿದ್ದರೆ ಇಬ್ಬರೂ ಖಂಡಿತ ಆಂಬುಲೆನ್ಸ್ ಹತ್ತುತ್ತಿದ್ದೆವು. ಅವಳು ಕುಸಿಯುವಲ್ಲಿ ನಾನು ಗಟ್ಟಿಯಾಗಿದ್ದೆ, ನಾನು ಕುಂಟುವಲ್ಲಿ ಅವಳಿಗೆ ಉಸಿರಿತ್ತು. ರಸ್ತೆಯ ಏರಿಳಿತವೇ ನಮಗೆ ಸರದಿ ಹಂಚಿತು. ಅವಳು ಹೇಳಿದ್ದ ಜಾತಕ ಕೂಡಿದ್ದು ಈ ರೀತಿಯಲ್ಲಿ, ಅವಳೆಣಿಸಿದ ರೀತಿಯಲ್ಲಲ್ಲ.

21ರ ಫಲಕ ಕಂಡಾಗ ಅವಳು ಮುಗಿಯಿತೆಂದು ಕೈ ಮೇಲೆತ್ತಿದಳು. ಇನ್ನೂ 97.5 ಮೀಟರ್ ಇತ್ತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಂಡ್ಸರ್ ಅರಮನೆಯಿಂದ ಹೊರಟು ಕ್ರೀಡಾಂಗಣದ ರಾಜಾಸನದೆದುರು ಓಟ ಮುಗಿಯಬೇಕೆಂದು ಅಳೆದ 42.195 ಕಿಲೋಮೀಟರನ್ನೇ 1921ರಲ್ಲಿ ಪೂರ್ಣ ಮ್ಯಾರಥಾನಿನ ದೂರವೆಂದು ಶಾಶ್ವತಗೊಳಿಸಿದರು. ಅದರ ಅರ್ಧದ ಬಾಲ ಇದು. ಈ ಇತಿಹಾಸವನ್ನು ನಾನು ಶುರುಮಾಡುತ್ತಿದ್ದಂತೆ ಅವಳು, "ನಿನ್ನ ರಾಜರ ಕಥೆ ಆಮೇಲೆ ಹೇಳು" ಎಂದಳು. ಮೂರು ಗಂಟೆ ಒಂಬತ್ತು ನಿಮಿಷಕ್ಕೆ ಗೆರೆ ದಾಟಿದೆವು. ಪದಕವಿತ್ತು, ತಿಂಡಿಯ ಕೌಂಟರಿನಲ್ಲಿ ಉಪ್ಪಿಟ್ಟು ತಳ ಕಂಡಿತ್ತು.

ಮರುದಿನ ಅವಳಿಗೆ ಬ್ಯಾಂಕಿನ ಮೆಟ್ಟಿಲು ಇಳಿಯಲಾಗಲಿಲ್ಲ. ಅಭ್ಯಾಸವಿಲ್ಲದ ತೊಡೆಗಳು ದೇಹದ ಭಾರವನ್ನು ತಡೆದು ಇಳಿಸಿದ್ದರ ನೋವು ಒಂದೆರಡು ದಿನ ಕಳೆದ ಮೇಲೆಯೇ ತುತ್ತತುದಿಗೆ ಹೋಗುತ್ತದೆ. ಹಿಮ್ಮುಖವಾಗಿ ಇಳಿದರೆ ಸುಲಭ ಎಂದು ಫೋನಿನಲ್ಲಿ ಹೇಳಿಕೊಟ್ಟೆ. ಕಂಬಿ ಹಿಡಿದು ಹಾಗೆಯೇ ಇಳಿಯುತ್ತಿದ್ದವಳನ್ನು ಮ್ಯಾನೇಜರ್ ಕೆಳಗಿನಿಂದ ನೋಡುತ್ತ ನಿಂತಿದ್ದರಂತೆ. ನನ್ನ ಮಂಡಿಗೆ ಮೂರು ವಾರ ಓಟ ನಿಷಿದ್ಧವಾಯಿತು, ಸೊಂಟದ ವ್ಯಾಯಾಮ ಇಮ್ಮಡಿಯಾಯಿತು. ಆ ಮೂರು ವಾರಗಳಲ್ಲಿ ಗೆಳತಿ, ಯಾರ ಒತ್ತಾಯವೂ ಇಲ್ಲದೆ, ಒಬ್ಬಳೇ ಹತ್ತು ಕಿಲೋಮೀಟರ್ ಓಡಿ ಬಂದಳು, ಎರಡು ನಿಮಿಷ ಒಂದು ನಿಮಿಷದ ಅದೇ ಲೆಕ್ಕದಲ್ಲಿ.