ಹೂಂ ಅಂದ್ರೆ ಹೌದು ಅಂತ ಅಲ್ಲ

ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆಯ ಕೇಸುಗಳಲ್ಲಿ ಮಗುವಿನ ಜೊತೆ ಇರುವ ಸಪೋರ್ಟ್ ಪರ್ಸನ್ ನಾನು. ಇರುವುದು ಶಿವಮೊಗ್ಗದಲ್ಲಿ. ಹಾಗಂದ್ರೆ ಲಾಯರಾ ಅಂತ ಎಲ್ಲರೂ ಕೇಳುತ್ತಾರೆ. ಅಲ್ಲ. ಕೋರ್ಟಿನ ಒಳಗೆ ನಾನು ಬಾಯಿಯೇ ಬಿಡುವಂತಿಲ್ಲ. ಮಕ್ಕಳ ಕಲ್ಯಾಣ ಸಮಿತಿಯವರು ನಮ್ಮನ್ನು ಒಂದು ಮಗುವಿಗೆ ಅಂತ ನೇಮಿಸುತ್ತಾರೆ. ಕೇಸು ಎಲ್ಲಿಗೆ ಬಂತು ಅಂತ ಮನೆಯವರಿಗೆ ತಿಳಿಸುವುದು, ಪೊಲೀಸು, ಆಸ್ಪತ್ರೆ, ಕೋರ್ಟು ಅಂತ ಅಲೆಯುವಾಗ ಪಕ್ಕದಲ್ಲಿರುವುದು, ಇದು ಕೆಲಸ. 2020ರ ಪೋಕ್ಸೊ ನಿಯಮಗಳಲ್ಲಿ ಇದೆಲ್ಲ ಇದೆ. ಬೇಕೋ ಬೇಡವೋ ಅನ್ನುವುದನ್ನು ಅಪ್ಪ ಅಮ್ಮನ ಇಷ್ಟಕ್ಕೆ ಬಿಡಬಾರದು ಅಂತ 2023ರಲ್ಲಿ ಸುಪ್ರೀಂ ಕೋರ್ಟು ಕೂಡ ಹೇಳಿತು.

ಸೇರುವಾಗ ತರಬೇತಿ ಆಗಿತ್ತು. ಕಲಂ 33, ಕಲಂ 36 ಎಲ್ಲ ಬಾಯಿಪಾಠ. ಲಾಯರು ಮಗುವಿಗೆ ನೇರವಾಗಿ ಪ್ರಶ್ನೆ ಹಾಕುವಂತಿಲ್ಲ, ಜಡ್ಜ್ ಮೂಲಕವೇ ಕೇಳಿಸಬೇಕು. ಸಾಕ್ಷಿ ಹೇಳುವ ಹೊತ್ತಿಗೆ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ಮಗು ದಣಿದರೆ ಮಧ್ಯೆ ಬಿಡುವು ಕೊಡಬೇಕು. ಇಷ್ಟು ಗೊತ್ತಿದ್ದರೆ ಸಾಕು ಅಂದುಕೊಂಡಿದ್ದೆ.

ಆಮೇಲೆ ಒಂದು ಹುಡುಗಿಯ ಸಾಕ್ಷಿ ಬಂತು. (ಗುರುತು ಸಿಗುವ ವಿವರ ಯಾವುದನ್ನೂ ಇಲ್ಲಿ ಬರೆಯುವುದಿಲ್ಲ, ಕಾನೂನೂ ಬಿಡುವುದಿಲ್ಲ.) ಪುನರ್ವಸು ಮಳೆ ಹೊಡೀತಿತ್ತು. ಘಟ್ಟದ ಕಡೆಯಿಂದ ಮೊದಲನೇ ಬಸ್ಸಿಗೆ ಬಂದಿದ್ದರು. ಪಾದ ಒದ್ದೆ, ಹೊಟ್ಟೆ ಖಾಲಿ, ಕರೆದಿದ್ದು ಮಧ್ಯಾಹ್ನ. ಪಾಟಿ ಸವಾಲಿನಲ್ಲಿ ಒಂದು ಪ್ರಶ್ನೆ ಬಂತು. ಆವತ್ತು ಮನೆಯಲ್ಲಿ ಯಾರೂ ಇರಲಿಲ್ಲ ಅಲ್ವಾ?

ಹುಡುಗಿ, ‘ಹೂಂ’ ಅಂದಳು.

ಅಜ್ಜಿ ಇದ್ದರು. ಒಳಗೆ ಮಲಗಿದ್ದರು. ಪೊಲೀಸರ ಹತ್ತಿರ ಮೊದಲನೇ ದಿನವೇ ಅವಳು ಅದನ್ನು ಹೇಳಿದ್ದಳು. ಈಗ ನನ್ನ ಕಣ್ಣೆದುರೇ ‘ಮನೆಯಲ್ಲಿ ಯಾರೂ ಇರಲಿಲ್ಲ ಎಂದರೆ ಸರಿ’ ಅಂತ ಟೈಪ್ ಆಯಿತು. ನಾನು ಕುರ್ಚಿ ಹಿಡಿದುಕೊಂಡು ಸುಮ್ನೆ ಕೂತಿದ್ದೆ. ಪುಣ್ಯಕ್ಕೆ ಸರ್ಕಾರಿ ವಕೀಲರ ಗಮನಕ್ಕೆ ಬಂತು, ಮರು ವಿಚಾರಣೆಯಲ್ಲಿ ಕೇಳಿ ಸರಿಮಾಡಿಸಿದರು. ಹೊರಗೆ ಬಂದ ಮೇಲೆ ಯಾಕಮ್ಮಾ ಹಾಗಂದೆ ಅಂತ ಕೇಳಿದೆ (ಕೇಳಬಾರದಿತ್ತು, ಅದು ಇನ್ನೊಂದು ತಪ್ಪು). ‘ಅವರು ಹೇಳ್ತಿದ್ರಲ್ಲ ಅಕ್ಕ, ಅದಕ್ಕೆ ಹೂಂ ಅಂದೆ’ ಅಂದಳು.

ಮಲೆನಾಡಿನಲ್ಲಿ ಬೆಳೆದವರಿಗೆ ಇದು ಹೊಸದೇನಲ್ಲ ಅಲ್ವಾ? ಮಳೆಗಾಲದ ರಾತ್ರಿ ಅಜ್ಜಿ ಕಥೆ ಹೇಳುವಾಗ ನಾವು ಹೂಂಗುಡಬೇಕು. ಇಲ್ಲದಿದ್ದರೆ ನಿದ್ದೆ ಹೋದ್ವಿ ಅಂತ ಕಥೆ ನಿಲ್ಲಿಸಿಬಿಡುತ್ತಾರೆ. ಆ ಹೂಂ ಅಂದ್ರೆ ಕೇಳಿಸ್ತಿದೆ, ಮುಂದೆ ಹೇಳಿ ಅಂತ. ಅದರ ಮೇಲೆ ‘ಇರಲಿಲ್ಲ ಅಲ್ವಾ’ ಅಂತ ‘ಇಲ್ಲ’ ಸೇರಿಸಿ ಕೇಳಿದರೆ ದೊಡ್ಡವರಿಗೇ ಹೂಂ ಅನ್ನಬೇಕೋ ಉಹೂಂ ಅನ್ನಬೇಕೋ ತಿಳಿಯಲ್ಲ.

ಇದನ್ನು ನಾನು ಕಲಿತದ್ದು ಎರಡನೇ ವರ್ಷದ ಒಂದು ತರಬೇತಿಯಲ್ಲಿ. ನಿಜ ಹೇಳಬೇಕೆಂದರೆ ಇಂಥ ತರಬೇತಿಗಳಿಗೆ ನಾನು ಗೊಣಗಿಕೊಂಡೇ ಹೋಗುತ್ತಿದ್ದೆ. ಯಾರೋ ಪರದೆ ಮೇಲೆ ಕಲಂ ಓದುತ್ತಾರೆ, ನಾವು ಸಹಿ ಹಾಕುತ್ತೇವೆ, ಬೋಂಡ ತಿಂದು ಗ್ರೂಪ್ ಫೋಟೋ ತೆಗೆಸಿಕೊಂಡು ಬರುತ್ತೇವೆ. ಆವತ್ತು ಹಾಗಾಗಲಿಲ್ಲ. ಆಪ್ತ ಸಮಾಲೋಚಕಿ ಒಬ್ಬರು ಬಂದಿದ್ದರು. ನನ್ನನ್ನು ಮುಂದೆ ಕೂರಿಸಿ ನೀವು ಮಗು ಅಂದರು. ಬೆಳಿಗ್ಗೆ ತಿಂಡಿ ಬಗ್ಗೆ ಕೇಳಿದರು ಅಷ್ಟೇ. ತಿಂಡಿಗೆ ಚಟ್ನಿ ಇರಲಿಲ್ಲ ಅಲ್ವಾ? ಎದ್ದಾಗ ಇನ್ನೂ ಬೆಳಕಾಗಿರಲಿಲ್ಲ ಅಲ್ವಾ? ಬೇಗ ಬೇಗ, ಒಂದರ ಹಿಂದೆ ಒಂದು. ಹಾಲ್‌ನಲ್ಲಿದ್ದವರು ನಗುತ್ತಿದ್ದರು. ಐದು ಸಲ ಹೂಂ ಅಂದಿದ್ದೆ, ಅದರಲ್ಲಿ ಮೂರು ಸುಳ್ಳು. ನನಗೆ ಮಾತ್ರ ನಗು ಬರಲಿಲ್ಲ.

ಹಾಗಂತ ಮಗುವಿಗೆ ಉತ್ತರ ಹೇಳಿಕೊಡುವ ಹಾಗಿಲ್ಲ. ಘಟನೆಯ ಬಗ್ಗೆ ಒಂದು ಮಾತು ತಿದ್ದಿದರೂ ಕೇಸೇ ಕೆಡುತ್ತದೆ. ಆದರೆ ಸಂಬಂಧವೇ ಇಲ್ಲದ ವಿಷಯ ಇಟ್ಟುಕೊಂಡು ಆಟದ ಹಾಗೆ ರೂಢಿ ಮಾಡಿಸಬಹುದು. ಕೆಂಪು ಅಂಗಿ ಹಾಕಿದ ಹುಡುಗನಿಗೆ ನಿನ್ನ ಅಂಗಿ ಹಸಿರು ಅಲ್ವಾ ಅಂತ ಕೇಳುತ್ತೇನೆ. ಅಲ್ಲ, ಕೆಂಪು ಅಂತ ಬಾಯಿಬಿಟ್ಟು ಹೇಳುವವರೆಗೂ ಬಿಡಲ್ಲ. ನನ್ನ ಅಜ್ಜಿಯ ಹೆಸರೇನು ಅಂತ ಕೇಳುತ್ತೇನೆ. ಊಹಿಸದೆ ಗೊತ್ತಿಲ್ಲ ಅಂದರೆ ಶಭಾಶ್. ಅರ್ಥ ಆಗಲಿಲ್ಲ, ಇನ್ನೊಂದ್ಸಲ ಕೇಳಿ ಅಂತ ಜಡ್ಜ್‌ಗೂ ಹೇಳಬಹುದು, ಬೈಯಲ್ಲ ಅನ್ನುತ್ತೇನೆ. ಮಕ್ಕಳಿಗೆ ನಂಬುವುದೇ ಕಷ್ಟ. ಶಾಲೆಯಲ್ಲಿ ಹಾಗಂದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತಲ್ಲ.

ಅಮೆರಿಕದಲ್ಲಿ ಮಕ್ಕಳ ಪರ ಕೋರ್ಟಿಗೆ ಹೋಗುವ ಸ್ವಯಂಸೇವಕರ ವ್ಯವಸ್ಥೆ ಇದೆ, ಕಾಸಾ ಅಂತ. 1977ರಲ್ಲಿ ಸಿಯಾಟಲ್‌ನ ಒಬ್ಬ ಜಡ್ಜ್ ಶುರು ಮಾಡಿದ್ದು. ಅವರ ಕೆಲಸ ನಮ್ಮದಕ್ಕಿಂತ ಬೇರೆ. ಮಗು ಎಲ್ಲಿ ಇದ್ದರೆ ಒಳ್ಳೆಯದು ಅಂತ ಜಡ್ಜ್‌ಗೆ ವರದಿಯನ್ನೇ ಕೊಡುತ್ತಾರೆ. ಅಲ್ಲಿ ಸೇರುವಾಗ 30 ಗಂಟೆ ತರಬೇತಿ, ಆಮೇಲೆ ಪ್ರತಿ ವರ್ಷ 12 ಗಂಟೆ. ಮೊದಲು ಓದಿದಾಗ ಇದೇನು ಜಾಸ್ತಿಯಾಯ್ತು ಅನ್ನಿಸಿತ್ತು. ಈಗ ನನಗೆ ಆ 12 ಗಂಟೆಯದ್ದೇ ಆಸೆ, ಅದೂ ಕಲಂ ಓದುವುದಕ್ಕಲ್ಲ. ಈ ವರ್ಷ ಎಲ್ಲಿ ಎಡವಿದೆವು ಅಂತ ನಾಲ್ಕು ಜನ ಕೂತು ಹೇಳಿಕೊಳ್ಳುವುದಕ್ಕೆ. ಮಗು ಲಂಬಾಣಿ ಮಾತಾಡುವವಳಾದರೆ ಭಾಷಾಂತರಕಾರರು ಬೇಕು ಅಂತ ಯಾವಾಗ ತಿಳಿಸಬೇಕು, ಅಡಿಕೆ ಕೊಯ್ಲಿನ ಹೊತ್ತಿಗೆ ಡೇಟ್ ಬಿದ್ದರೆ ಕೂಲಿ ಬಿಟ್ಟು ಬರಲ್ಲ ಅನ್ನುವ ಅಪ್ಪನಿಗೆ ಏನು ಹೇಳಬೇಕು, ಇವಕ್ಕೆ ಯಾವ ಪುಸ್ತಕದಲ್ಲೂ ಉತ್ತರ ಇಲ್ಲ. ಸೊರಬದ ಕಡೆ ಕೆಲಸ ಮಾಡುವವರ ಹತ್ತಿರ ಇದ್ದರೂ ಇರಬಹುದು.

ಹೋದ ತಿಂಗಳು ಒಬ್ಬ ಹುಡುಗನಿಗೆ ಕೋರ್ಟ್ ಹಾಲ್ ತೋರಿಸಿ, ಯಾರು ಎಲ್ಲಿ ಕೂರುತ್ತಾರೆ ಅಂತ ಹೇಳಿ, ಎದುರಿನ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ದೋಸೆ ಬೇಡ ಅಲ್ವಾ ಅಂತ ಬಾಯಿ ತಪ್ಪಿ ಕೇಳಿಬಿಟ್ಟೆ. ಅವನು ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ‘ಅಕ್ಕ, ಪ್ರಶ್ನೆ ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಕೇಳಿ’ ಅಂದ. ಎರಡು ದೋಸೆ ತಿಂದ.