ಕಾಫಿಯವರು ಟೀ ಕಲಿಯುವಾಗ

ಕಾಫಿ ಕುಡಿದೇ ಬೆಳೆದವರು ಟೀ ಕಲಿಯಬೇಕು ಅಂತಿದ್ದರೆ ಮೊದಲು ಹಾಲು ಬಿಡಿ. ಹಾಲು, ಸಕ್ಕರೆ ಹಾಕಿ ಕುದಿಸಿದ ಟೀ ಕುಡಿಯುವಾಗ ನಾಲಿಗೆ ಅದರಲ್ಲೂ ಕಾಫಿಯನ್ನೇ ಹುಡುಕುತ್ತದೆ, ಸಿಗುವುದಿಲ್ಲ, ಅಲ್ಲಿಗೆ ಟೀ ಆಸೆ ಮುಗೀತು. ಹಾಲಿಲ್ಲದೆ ಕುಡಿಯುವುದು ಕೊಡಗಿನವರಿಗೆ ಹೊಸದೇನಲ್ಲ ಅಲ್ವಾ? ಬೆಲ್ಲದ ಕಾಫಿ ಕುಡಿದು ದೊಡ್ಡವರಾದವರು ನಾವು.

ನಮ್ಮನೆ ಸೋಮವಾರಪೇಟೆ ಕಡೆ, ಸುತ್ತ ಕಾಫಿ, ಮರಗಳಿಗೆ ಹಬ್ಬಿದ ಕರಿಮೆಣಸು. ದಕ್ಷಿಣ ಕೊಡಗಿನ ಗ್ಲೆನ್‌ಲೋರ್ನಾದಲ್ಲಿ ಟೀ ತೋಟವೂ ಇದೆ, ಆದರೂ ನನ್ನ ಕೈಗೆ ಒಳ್ಳೆಯ ಟೀ ಸಿಕ್ಕಿದ್ದು ಕೂನೂರಿನಲ್ಲಿರುವ ಭಾವನಿಂದ. ನೀಲಗಿರಿಯ ಎಲೆ ಟೀ. ಅಂಗಡಿಯಲ್ಲಿ ಸಿಗುವ ಕಾಳು ಕಾಳಾದ ಟೀ ಪುಡಿ ಇದೆಯಲ್ಲ, ಅದು ಸಿಟಿಸಿ, ಮಷೀನಿನಲ್ಲಿ ಎಲೆ ಜಜ್ಜಿ ಹರಿದು ಉಂಡೆ ಕಟ್ಟಿದ್ದು. ಬೇಗ ಬಣ್ಣ ಬಿಡುತ್ತದೆ, ಹಾಲಿಗೆ ಅದೇ ಸರಿ. ಭಾವ ಕೊಟ್ಟಿದ್ದು ಆರ್ಥೊಡಾಕ್ಸ್, ಅಂದರೆ ಹಾಗೆ ಜಜ್ಜಿ ಉಂಡೆ ಕಟ್ಟದೆ ಎಲೆಯನ್ನೇ ಸುರುಳಿ ಸುತ್ತಿ ಒಣಗಿಸಿದ್ದು. ಎಲೆ ಮುರುಟಿಕೊಂಡು ಕಪ್ಪಗೆ ಒಣಗಿತ್ತು. ಗಾಜಿನ ಲೋಟದಲ್ಲಿ ಹಾಕಿ ಕುದಿನೀರು ಹೊಯ್ದರೆ ಮೊದಲು ಮೇಲೆ ತೇಲುತ್ತದೆ, ಆಮೇಲೆ ಒಂದೊಂದೇ ಎಲೆ ಬಿಚ್ಚಿಕೊಂಡು ಕೆಳಗೆ ಇಳಿಯುತ್ತದೆ, ಕೆಲವು ದಂಟಿನ ಸಮೇತ. ನೀರು ತೆಳು ಹಳದಿಯಿಂದ ಜೇನಿನ ಬಣ್ಣಕ್ಕೆ ಬರುತ್ತದೆ. ನೋಡುವುದಕ್ಕೇ ಖುಷಿ.

ಅಳತೆ ಸುಲಭ. 200 ಎಂಎಲ್ ನೀರಿಗೆ 2 ಗ್ರಾಂ ಎಲೆ, 3 ನಿಮಿಷ, ಆಮೇಲೆ ಸೋಸಲೇಬೇಕು. ಇಲ್ಲೇ ಕಾಫಿಯವರು ಹುಷಾರಾಗಿರಬೇಕು. ಡಿಕಾಕ್ಷನ್ ಪೂರ್ತಿ ಇಳಿಯಲಿ ಅಂತ ಕಾಯುವ ಅಭ್ಯಾಸ ನಮ್ಮದು. ಟೀ ಎಲೆಯನ್ನು ಹಾಗೆ ನೀರಲ್ಲೇ ಬಿಟ್ಟರೆ ಟ್ಯಾನಿನ್ ಜಾಸ್ತಿ ಬಿಟ್ಟುಕೊಂಡು ಬರೀ ಒಗರು. ಸ್ಟ್ರಾಂಗ್ ಬೇಕಾದರೆ ಎಲೆ ಜಾಸ್ತಿ ಹಾಕಿ, ಹೊತ್ತು ಜಾಸ್ತಿ ಮಾಡಬೇಡಿ.

ಅಮ್ಮ ಒಂದು ಗುಟುಕು ಕುಡಿದು "ಎಂಥದು ಇದು, ಬಿಸಿನೀರಿನ ಹಾಗೆ" ಅಂದರು. ಸ್ವಲ್ಪ ಆರಲಿ ಅಮ್ಮಾ ಅಂದೆ. ಕಾಫಿಯ ರುಚಿ ಬಾಯಿಗೆ ಬಿದ್ದ ಕೂಡಲೇ ಗೊತ್ತಾಗುತ್ತದೆ. ಈ ಟೀ ಹಾಗಲ್ಲ, ನುಂಗಿದ ಮೇಲೆ ನಾಲಿಗೆಯ ಅಂಚಿನಲ್ಲಿ ಚೂರು ಒಗರು, ಅದರ ಹಿಂದೆ ಹೂವಿನ ಪರಿಮಳ, ಅದೂ ಆರಿದಾಗಲೇ. ಅಮ್ಮ ಆರಿಸಿಕೊಂಡು ಲೋಟ ಖಾಲಿ ಮಾಡಿದರು, ಹೇಗಿದೆ ಅಂತ ಮಾತ್ರ ಹೇಳಲಿಲ್ಲ.

ಬೆಳಿಗ್ಗೆಯ ಕಾಫಿ ಬಿಡಬೇಕಾಗಿಲ್ಲ, ನಾನೂ ಬಿಟ್ಟಿಲ್ಲ. ಕಾಫಿಯಲ್ಲಿ ಎರಡು ಜಾತಿ, ರೊಬಸ್ಟಾ ಮತ್ತು ಅರೇಬಿಕಾ. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇದೆ, ಆ ಕಿಕ್ ಟೀಯಲ್ಲಿ ಸಿಗುವುದಿಲ್ಲ. ಸಂಜೆ ನಾಲ್ಕು ಗಂಟೆ ಟೀಗೆ ಒಳ್ಳೆಯ ಹೊತ್ತು, ಅದೂ ಜುಲೈ ಮಳೆಯಲ್ಲಿ. ಗ್ರೀನ್ ಟೀಯಿಂದ ಮಾತ್ರ ಶುರು ಮಾಡಬೇಡಿ. ಗಿಡ ಅದೇ, ಆದರೆ ಕುದಿನೀರು ಹೊಯ್ದರೆ ಕಹಿಯಾಗುತ್ತದೆ, 80 ಡಿಗ್ರಿಗೆ ಇಳಿಸಿ ಹಾಕಬೇಕು. ಅದು ಆಮೇಲೆ ಇರಲಿ.

ನನಗೀಗ ಡಾರ್ಜಿಲಿಂಗ್ ಕುಡಿದು ನೋಡಬೇಕು ಅಂತಿದೆ. ಮಾರ್ಚ್ ಹೊತ್ತಿನ ಮೊದಲ ಚಿಗುರಿನದು ಫಸ್ಟ್ ಫ್ಲಶ್, ಮೇ-ಜೂನ್‌ನದು ಸೆಕೆಂಡ್ ಫ್ಲಶ್. ಎರಡನ್ನೂ ಪಕ್ಕಪಕ್ಕ ಇಟ್ಟು ಕುಡಿಯುವ ಆಸೆ. ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಸಣ್ಣ ಪ್ಯಾಕೆಟ್ಟು ಸಿಗುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ಹೇಳಿ.